ಬಂದೂಕಿನ ಸಂತೆಯಲ್ಲಿ ಗುಂಡಿನ ಬೆಲೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಶನಿವಾರ ಭಾನುವಾರಗಳಂದು ಜಿಲ್ಲೆಯ ಜಾತ್ರಾ ಮೈದಾನದಲ್ಲಿಯೋ ವಸ್ತುಪ್ರದರ್ಶನದ ವಿಶಾಲ ಮಂದಿರದಲ್ಲಿಯೋ ನೆರೆಯುವ ಸಂತೆಗಳಲ್ಲಿ ನಮ್ಮ ದೇಶದವರಿಗೆ ಸರ್ವಥಾ ಅಪರಿಚಿತವಾದ ಬಗೆಯೊಂದುಂಟು. ಅಲ್ಲಿಯವರು ಗನ್ ಷೋ ಎಂದು ಕರೆಯುವ ಬಂದೂಕಿನ ಸಂತೆ ಅದು. ಬಾಗಿಲಲ್ಲಿ ಪ್ರವೇಶಧನವನ್ನು ತೆತ್ತು ಒಳಹೊಕ್ಕವನಿಗೆ ಸಾಲುಸಾಲಾಗಿ ಹೂಡಿದ ಮೇಜುಗಳ ಮೇಲೆ ಯುದ್ಧಕಾಲದ ಹಳೆಯ ರೈಫಲುಗಳು, ಬೇಟೆಯ ಕೋವಿಗಳು, ಪಿಸ್ತೂಲುಗಳು, ಚಾಕುಗಳು, ಚರ್ಮದ ಒರೆಗಳು, ಇವುಗಳ ನಡುವೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆಯಾಗಿ ಪೇರಿಸಿದ ಗುಂಡುಗಳು ಗೋಚರವಾಗುತ್ತವೆ. ಒಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ವರ್ಷಕ್ಕೆರಡು ಬಾರಿ ನಡೆಯುವ, ಜಗತ್ತಿನಲ್ಲಿಯೇ ದೊಡ್ಡದೆಂದು ತನ್ನನ್ನು ಸಾರಿಕೊಳ್ಳುವ ಸಂತೆಯಲ್ಲಿ ಇಂತಹ ಮೇಜುಗಳು ಒಂದೇ ಸೂರಿನ ಕೆಳಗೆ ನಾಲ್ಕು ಸಾವಿರಕ್ಕೂ ಮಿಕ್ಕಿರುತ್ತವೆ.

ನಮ್ಮಲ್ಲಿ ಒಬ್ಬನು ಎಷ್ಟು ತೋಟಾಗಳನ್ನು ಕೊಳ್ಳಬಹುದೆಂಬುದು ಅವನ ಕೋವಿಯ ಪರವಾನಗಿಯಲ್ಲಿಯೇ ನಮೂದಾಗಿರುತ್ತದೆ. ಅಲ್ಲಿಯ ಕೇಂದ್ರ ಶಾಸನವಾದರೋ ಅಂತಹ ಮಿತಿಯೇನನ್ನೂ ವಿಧಿಸಿಲ್ಲ. 1968ರ ಬಂದೂಕು ನಿಯಂತ್ರಣ ಕಾಯಿದೆಯ ಮೇರೆಗೆ ಅಂಗಡಿಯವನು ರೈಫಲಿನ ಗುಂಡನ್ನು ಹದಿನೆಂಟು ವರ್ಷ ತುಂಬದವನಿಗೂ ಪಿಸ್ತೂಲಿನ ಗುಂಡನ್ನು ಇಪ್ಪತ್ತೊಂದು ತುಂಬದವನಿಗೂ ಮಾರತಕ್ಕದ್ದಲ್ಲ. ಘೋರಾಪರಾಧಗಳಿಗಾಗಿ ಶಿಕ್ಷಿತರಾದವರು ಗುಂಡನ್ನು ಇಟ್ಟುಕೊಳ್ಳಲಾಗದು. 2019ರಿಂದ ಗುಂಡು ಕೊಳ್ಳುವ ಪ್ರತಿಯೊಬ್ಬನ ಪೂರ್ವಾಪರವನ್ನು ವಿಚಾರಿಸುವ ಕ್ಯಾಲಿಫೋರ್ನಿಯಾದಂತಹ ಕೆಲವು ರಾಜ್ಯಗಳನ್ನು ಬಿಟ್ಟರೆ, ಉಳಿದೆಡೆಗಳಲ್ಲಿ ಕೈಯಲ್ಲಿ ಹಣವೂ ಮನೆಯಲ್ಲಿ ಸ್ಥಳವೂ ಇದ್ದವನು ಒಂದು ಪೆಟ್ಟಿಗೆ ಕೊಂಡರೂ ನೂರು ಕೊಂಡರೂ ಕೇಳುವವರಿಲ್ಲ. ಶುಷ್ಕವಾದ ತಾಣದಲ್ಲಿಟ್ಟ ಗುಂಡು ದಶಕಗಳ ಕಾಲ ಕೆಡುವುದಿಲ್ಲವೆಂಬ ಸಂಗತಿಯನ್ನೂ ಇದರೊಂದಿಗೆ ನೆನಪಿನಲ್ಲಿಡಬೇಕು. ಮಿತಿಯಿಲ್ಲದೆ ಕೊಳ್ಳಬಹುದಾದ, ಕೆಡದೆ ಉಳಿಯುವ ವಸ್ತುವಿನ ಮೇಲೆ ಜನರ ಆತಂಕ ಎರಗಿದಾಗ ಅದರ ಬೆಲೆಗೆ ಏನಾಗುವುದೆಂಬುದೇ ಈ ಲೇಖನದ ವಿಷಯ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಎಂಬ ಊರಿನ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಯುವಕನು ಇಪ್ಪತ್ತು ಮಂದಿ ಎಳೆಯ ಮಕ್ಕಳನ್ನೂ ಆರು ಮಂದಿ ಹಿರಿಯರನ್ನೂ ಗುಂಡಿಟ್ಟು ಕೊಂದನು. ದೇಶವೆಲ್ಲ ಶೋಕದಲ್ಲಿ ಮುಳುಗಿರುವಾಗಲೇ, ಇನ್ನು ಸರ್ಕಾರವು ಬಂದೂಕುಗಳ ಮೇಲೆ ಕಟ್ಟುನಿಟ್ಟಾದ ನಿರ್ಬಂಧಗಳನ್ನು ತಂದೇ ತರುವುದೆಂಬ ಮಾತು ಹರಡಿ, ನಿರ್ಬಂಧ ಬರುವುದಕ್ಕೆ ಮುಂಚೆ ಕೊಂಡಿಟ್ಟುಕೊಳ್ಳಬೇಕೆಂದು ಜನರು ಅಂಗಡಿಗಳಿಗೆ ಮುಗಿಬಿದ್ದರು. ನಾಲ್ಕು ವರ್ಷಗಳ ಹಿಂದೆ, 2008ರಲ್ಲಿ ಬರಾಕ್ ಒಬಾಮ ಅಧ್ಯಕ್ಷರಾಗಿ ಚುನಾಯಿತರಾದಾಗಲೂ ಇಂತಹುದೇ ಒಂದು ಅಲೆ ಎದ್ದಿತ್ತು. ಈ ಸಲದ್ದು ಅದಕ್ಕಿಂತ ಪ್ರಬಲವೂ ದೀರ್ಘವೂ ಆಯಿತು. 2013ರ ಏಪ್ರಿಲ್‌ನಲ್ಲಿ ಕೊಳ್ಳುವವರ ಪೂರ್ವಾಪರ ವಿಚಾರಣೆಯನ್ನು ವಿಸ್ತರಿಸುವ ಮಸೂದೆ ಸೆನೆಟ್ ಸಭೆಯಲ್ಲಿ ಬೇಕಾದಷ್ಟು ಮತಗಳನ್ನು ಪಡೆಯದೆ ಬಿದ್ದುಹೋಯಿತು. ಆದರೆ ಗುಂಡಿನ ಅಭಾವ ಮಾತ್ರ ಮಸೂದೆಯೊಂದಿಗೆ ಬಿದ್ದುಹೋಗಲಿಲ್ಲ.

ಎಲ್ಲಕ್ಕಿಂತ ವಿಸ್ಮಯಕರವಾದುದು ಪಾಯಿಂಟ್ 22 ಎಂಬ ಪುಟ್ಟ ಗುಂಡಿನ ಕಥೆ. ತುದಿಯಿಂದ ಬುಡಕ್ಕೆ ಸರಿಯಾಗಿ ಒಂದಂಗುಲ ಉದ್ದವಿರುವ ಇದು ಅಲ್ಲಿಯ ಗುಂಡುಗಳಲ್ಲೆಲ್ಲ ಅತ್ಯಂತ ಅಗ್ಗವಾದುದು. ಬಾಲಕರು ಗುರಿಯ ಮೊದಲ ಪಾಠವನ್ನು ಕಲಿಯುವುದೂ ರೈತರು ಹೊಲಕ್ಕೆ ನುಗ್ಗುವ ಸಣ್ಣ ಪ್ರಾಣಿಗಳನ್ನು ಹೊಡೆಯುವುದೂ ಸಾಮಾನ್ಯವಾಗಿ ಇದರಿಂದಲೇ. ಇದನ್ನು ನಿಷೇಧಿಸುವ ಪ್ರಸ್ತಾಪ ಆ ಕಾಲದ ಚರ್ಚೆಯ ಕೇಂದ್ರದಲ್ಲಿ ಇರಲೇ ಇಲ್ಲ. ಹಾಗಿದ್ದೂ ಅಂಗಡಿಯ ಹಲಗೆಗಳಿಂದ ಅತಿ ದೀರ್ಘಕಾಲ ಅಂತರ್ಧಾನವಾದುದು ಇದೇ. ಐವತ್ತರ ಹತ್ತು ಪೆಟ್ಟಿಗೆಗಳನ್ನು ಸೇರಿಸಿ ಕಟ್ಟಿದ ಐನೂರು ಗುಂಡುಗಳ ಕಟ್ಟನ್ನು ಅಲ್ಲಿಯವರು ಇಟ್ಟಿಗೆ ಎನ್ನುತ್ತಾರೆ. ಅಭಾವಕ್ಕೆ ಮುಂಚೆ 20 ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತಿದ್ದ ಆ ಇಟ್ಟಿಗೆಗೆ ಸಂತೆಯ ಮೇಜಿನ ಮೇಲೆ 50 ಡಾಲರನ್ನು ಮೀರಿದ ಬೆಲೆ ಬಂದಿತು. ನಾಲ್ಕು ಸೆಂಟಿನ ಗುಂಡು ಹತ್ತು ಸೆಂಟಿಗೇರಿದುದು ಹೊರಗಿನವರಿಗೆ ಅಲ್ಪವೆಂದು ತೋರಬಹುದು. ಮಗನನ್ನೋ ಮಗಳನ್ನೋ ವಾರವಾರವೂ ಅಭ್ಯಾಸಕ್ಕೆ ಕರೆದೊಯ್ಯುವ ಸಾಧಾರಣ ವರಮಾನದ ತಂದೆಗೆ ಅದು ಅಲ್ಪವಲ್ಲ.

ಬೆಲೆಯೇರಿದರೆ ಕಾರ್ಖಾನೆಗಳು ಹೆಚ್ಚು ತಯಾರಿಸಬೇಕಲ್ಲವೆ, ಹೆಚ್ಚು ತಯಾರಾದರೆ ಬೆಲೆ ಇಳಿಯಬೇಕಲ್ಲವೆ ಎಂದು ಅರ್ಥಶಾಸ್ತ್ರದ ಪ್ರಥಮ ಪಾಠವನ್ನು ಓದಿದವರು ಕೇಳಬಹುದು. ಇದಕ್ಕೆ ಉತ್ತರ ಗುಂಡಿನ ರಚನೆಯಲ್ಲಿಯೇ ಇದೆ. ಯಾವ ಗುಂಡಿಗಾದರೂ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಅದರೊಳಗಿನ ಮದ್ದು, ಮೂತಿಯಲ್ಲಿ ಕೂರಿಸಿದ ಸೀಸದ ಉಂಡೆ, ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿಯೇಳುವ ಪ್ರೈಮರ್. ದೊಡ್ಡ ಗುಂಡುಗಳಲ್ಲಿ ಈ ಪ್ರೈಮರ್ ಬುಡದ ನಡುವೆ ಕೂರಿಸಿದ ಸಣ್ಣದೊಂದು ಲೋಹದ ಬಟ್ಟಲು. ಸಿಡಿದ ಮೇಲೆ ಅದನ್ನು ತೆಗೆದು ಹೊಸದನ್ನಿಟ್ಟು ಕೋಶವನ್ನು ಮನೆಯಲ್ಲಿಯೇ ಮತ್ತೆ ತುಂಬಿಕೊಳ್ಳುವವರುಂಟು. ಪಾಯಿಂಟ್ 22ರಲ್ಲಾದರೋ ಬಟ್ಟಲಿಲ್ಲ. ಸ್ಫೋಟಕವನ್ನು ಒದ್ದೆಯಾಗಿರುವಾಗಲೇ ಕೋಶದ ತಳಕ್ಕೆ ಹಾಕಿ, ಕೋಶವನ್ನು ಅತಿವೇಗದಿಂದ ತಿರುಗಿಸಿದಾಗ ಅದು ಬುಡದ ಟೊಳ್ಳಾದ ಅಂಚಿನೊಳಕ್ಕೆ ಸರಿದು ಅಲ್ಲಿಯೇ ಒಣಗಿ ನೆಲೆನಿಲ್ಲುತ್ತದೆ. ಒದ್ದೆಯಿರುವಾಗ ಸೌಮ್ಯವೂ ಒಣಗಿದಾಗ ಉಗ್ರವೂ ಆದ ಈ ಪದಾರ್ಥದೊಡನೆ ಕೆಲಸ ಮಾಡುವವರು ನುರಿತವರಾಗಿರಬೇಕು. ಯಂತ್ರಗಳು ಈ ಒಂದು ಗುಂಡಿಗಾಗಿಯೇ ನಿರ್ಮಿತವಾದವುಗಳಾಗಿರಬೇಕು. ಒಮ್ಮೆ ಸಿಡಿದ ಕೋಶವನ್ನು ಸಾಧಾರಣ ವಿಧಾನದಿಂದ ಮತ್ತೆ ತುಂಬಿಕೊಳ್ಳುವ ಉಪಾಯವಂತೂ ಇಲ್ಲ.

ಇಡಾಹೊ ರಾಜ್ಯದ ಲೂಯಿಸ್ಟನ್, ಮಿನೆಸೋಟದ ಅನೋಕ, ಮಿಸಿಸಿಪ್ಪಿಯ ಆಕ್ಸ್‌ಫರ್ಡ್ ಮೊದಲಾದ ಕೆಲವೇ ಊರುಗಳ ಬೃಹತ್ ಕಾರ್ಖಾನೆಗಳು ಆ ದೇಶದ ಬೇಡಿಕೆಯ ಬಹುಭಾಗವನ್ನು ಪೂರೈಸತಕ್ಕವು. ಅವು ಹಗಲಿರುಳು ನಡೆದರೂ ಇರುವ ಯಂತ್ರಗಳ ಶಕ್ತಿಯನ್ನು ಮೀರಿ ತಯಾರಿಸಲಾರವು. ಹೊಸ ಯಂತ್ರಗಳನ್ನು ಸ್ಥಾಪಿಸುವುದಕ್ಕೆ ಅಪಾರವಾದ ಬಂಡವಾಳವೂ ದೀರ್ಘವಾದ ಕಾಲವೂ ಬೇಕು. ಅಷ್ಟರಲ್ಲಿ ಜನರ ಉದ್ವೇಗ ತಣಿದು, ಮನೆಗಳಲ್ಲಿ ದಾಸ್ತಾನಾದ ಗುಂಡು ಖರ್ಚಾಗುವವರೆಗೆ ಕೊಳ್ಳುವವರೇ ಇಲ್ಲದೆ ಹೋದರೆ, ಹೊಸ ಯಂತ್ರವು ಸಾಲದ ಹೊರೆಯಾಗಿ ಉಳಿಯುವುದು. ಈ ಶಂಕೆ ನಿರಾಧಾರವಾದುದೇನೂ ಅಲ್ಲ. ನಿರ್ಬಂಧದ ಭೀತಿ ಅಡಗಿ ಮಾರಾಟ ಕುಗ್ಗಿದ ಕಾಲದಲ್ಲಿ, ಇನ್ನೂರು ವರ್ಷಗಳ ಇತಿಹಾಸವುಳ್ಳ ರೆಮಿಂಗ್ಟನ್ ಸಂಸ್ಥೆ ಹಳೆಯ ಸಾಲದ ಭಾರವನ್ನು ತಾಳಲಾರದೆ 2018ರಲ್ಲಿ ದಿವಾಳಿಯ ರಕ್ಷಣೆಯನ್ನು ಬೇಡಿತು. 2020ರಲ್ಲಿ ಮತ್ತೊಮ್ಮೆ ಬೇಡಿ, ತುಂಡುತುಂಡಾಗಿ ವಿಕ್ರಯವಾಯಿತು. ಆರ್ಕಾನ್ಸಾದ ಲೋನೋಕ್‌ನಲ್ಲಿದ್ದ ಅದರ ದೊಡ್ಡ ಗುಂಡಿನ ಕಾರ್ಖಾನೆ, ದೇಶಕ್ಕೆ ಗುಂಡು ಅತ್ಯಧಿಕವಾಗಿ ಬೇಕಾಗಿದ್ದ ಸಮಯದಲ್ಲಿಯೇ ಈ ಗೊಂದಲದಲ್ಲಿ ಸಿಕ್ಕಿಕೊಂಡಿತ್ತು.

ಆ 2020ರ ಅಭಾವ ಹಿಂದಿನವುಗಳೆಲ್ಲವನ್ನೂ ಮೀರಿಸಿತು. ಮಹಾಮಾರಿಯ ಆತಂಕ, ಬೀದಿಗಳಲ್ಲಿನ ಅಶಾಂತಿ, ಅಧ್ಯಕ್ಷ ಚುನಾವಣೆಯ ಉದ್ವೇಗ, ಇವು ಮೂರೂ ಒಂದೇ ವರ್ಷದಲ್ಲಿ ಕೂಡಿದುವು. ಬಂದೂಕಿಗೆ ಸಂಬಂಧಿಸಿದಂತೆ ಕೇಂದ್ರ ಪೊಲೀಸ್ ಸಂಸ್ಥೆಯ ಮೂಲಕ ನಡೆಯುವ ಪೂರ್ವಾಪರ ವಿಚಾರಣೆಗಳು 2019ರಲ್ಲಿ 2 ಕೋಟಿ 84 ಲಕ್ಷದಷ್ಟಿದ್ದುವು, 2020ರಲ್ಲಿ 3 ಕೋಟಿ 97 ಲಕ್ಷದಷ್ಟಾದುವು. ಅದೇ ವರ್ಷ ಮೊದಲ ಸಲ ಬಂದೂಕು ಕೊಂಡವರೇ 80 ಲಕ್ಷಕ್ಕೂ ಹೆಚ್ಚೆಂದು ಆ ಉದ್ಯಮದ ಸಂಘ ಅಂದಾಜು ಮಾಡಿತು. ಈ ಹೊಸಬರಲ್ಲಿ ಪ್ರತಿಯೊಬ್ಬನೂ ದುರಾಸೆಯಿಲ್ಲದೆ ಐವತ್ತರ ಎರಡೇ ಪೆಟ್ಟಿಗೆಗಳನ್ನು ಕೊಂಡನೆಂದು ಭಾವಿಸಿದರೂ, ಒಟ್ಟು 80 ಕೋಟಿ ಗುಂಡುಗಳು ಬೇಕಾದುವು. ಹನಿಹನಿ ಕೂಡಿದರೆ ಹಳ್ಳವೆಂಬ ನಮ್ಮ ಗಾದೆಗೆ ಇದಕ್ಕಿಂತ ಗಂಭೀರವಾದ ನಿದರ್ಶನ ಬೇಕಿಲ್ಲ. 2019ರ ಕೊನೆಯಲ್ಲಿ 10 ಡಾಲರಿನ ಆಸುಪಾಸಿಗೆ ದೊರೆಯುತ್ತಿದ್ದ 9 ಮಿಲಿಮೀಟರ್ ಪಿಸ್ತೂಲು ಗುಂಡುಗಳ ಐವತ್ತರ ಪೆಟ್ಟಿಗೆ, ಒಂದೂವರೆ ವರ್ಷ ಕಳೆಯುವುದರೊಳಗೆ ಹಲವೆಡೆ 40 ಡಾಲರನ್ನು ಮುಟ್ಟಿತು.

ಇನ್ನು ಸಂತೆಯ ವಿಚಾರ. ಪೇಟೆಯ ದೊಡ್ಡ ಅಂಗಡಿಗಳಲ್ಲಿ ಅನೇಕವು ಅಭಾವಕಾಲದಲ್ಲಿ ಬೆಲೆಯನ್ನು ಹೆಚ್ಚಾಗಿ ಏರಿಸದೆ, ಒಬ್ಬನಿಗೆ ದಿನಕ್ಕೆ ಇಷ್ಟೇ ಪೆಟ್ಟಿಗೆಯೆಂದು ಪಡಿ ಕಟ್ಟಿದುವು. ಬೆಲೆಯೇರಿಸಿದವನೆಂಬ ಅಪಕೀರ್ತಿ ಬಹುಕಾಲ ಉಳಿಯುವುದೆಂಬುದನ್ನು ನೆಲೆಯಾದ ವ್ಯಾಪಾರಿ ಬಲ್ಲನು. ಪರಿಣಾಮವಾಗಿ ಬೆಳಗ್ಗೆ ಅಂಗಡಿ ತೆರೆಯುವ ಮುನ್ನವೇ ಸಾಲು ಬೆಳೆಯುತ್ತಿತ್ತು. ಸರಕಿನ ಲಾರಿ ಬರುವ ದಿನವನ್ನು ತಿಳಿದವನಿಗೂ ಹಗಲಿನಲ್ಲಿ ಬಿಡುವಿದ್ದವನಿಗೂ ಗುಂಡು ದೊರೆಯುತ್ತಿತ್ತು, ಕೆಲಸ ಮುಗಿಸಿ ಸಂಜೆ ಬಂದವನಿಗೆ ಬರಿದಾದ ಹಲಗೆ ಕಾದಿರುತ್ತಿತ್ತು. ಹೀಗೆ ಅಗ್ಗದ ಬೆಲೆಗೆ ಕೊಂಡವರಲ್ಲಿ ಕೆಲವರು ಅದನ್ನೇ ಸಂತೆಯ ಮೇಜಿಗೆ ತಂದು ಎರಡರಷ್ಟು ಮೂರರಷ್ಟು ಬೆಲೆಗೆ ಮಾರಿದರು. ಅಂಗಡಿಯಲ್ಲಿ ಕಾಯುವುದರ ಮೂಲಕ ಸಲ್ಲುತ್ತಿದ್ದ ಬೆಲೆ ಸಂತೆಯಲ್ಲಿ ನಾಣ್ಯದ ರೂಪದಲ್ಲಿ ಸಂದಿತು.

ಸಂತೆಯ ಮಾರಾಟಗಾರನ ಮೇಲೆ ಕೊಳ್ಳುವವರಿಗೆ ಕೋಪ ಬರುವುದು ಸಹಜ, ಅದರಲ್ಲಿ ನ್ಯಾಯವೂ ಇದೆ. ಬಾಲಕರ ಅಭ್ಯಾಸಕ್ಕೆ ಬೇಕಾದುದನ್ನು ಅಂಗಡಿಯಿಂದ ಗುಡಿಸಿ ತಂದು ಮೂರುಪಟ್ಟಿಗೆ ಮಾರುವವನು ಸರಕಿಗೆ ಯಾವ ಗುಣವನ್ನೂ ಕೂಡಿಸಿದವನಲ್ಲ. ಆದರೆ ಆ ಮೇಜಿನ ಹಿಂದೆ ನಿಂತವರೆಲ್ಲರೂ ಇಂಥವರಲ್ಲ. ಮುಂದಿನ ಸರಕನ್ನು ಏರಿದ ಸಗಟು ಬೆಲೆಗೇ ತರಬೇಕಾದ ಸಣ್ಣ ವ್ಯಾಪಾರಿ ಹಿಂದಿನ ಬೆಲೆಗೆ ಮಾರಿದರೆ ಮೇಜನ್ನು ಮತ್ತೆ ತುಂಬಲಾರನು. ಅಲ್ಲದೆ, ಬೆಲೆಯ ಶಿಖರದಲ್ಲಿ ಕೊಂಡು ಕೂಡಿಟ್ಟವನಿಗೆ ನಷ್ಟವೂ ಕಟ್ಟಿಟ್ಟದ್ದೇ. ಕೆಲವು ವರ್ಷಗಳಲ್ಲಿ ಪಾಯಿಂಟ್ 22 ಅಂಗಡಿಗಳಲ್ಲಿ ಯಥೇಚ್ಛವಾಗಿ ದೊರೆಯತೊಡಗಿದಾಗ, ದುಬಾರಿ ಇಟ್ಟಿಗೆಗಳನ್ನು ಪೇರಿಸಿಕೊಂಡಿದ್ದವರು ಅವನ್ನು ಕೇಳುವವರಿಲ್ಲದೆ ಕುಳಿತರು. ಸಂತೆಯ ಬೆಲೆಚೀಟಿಯನ್ನು ಬರೆದವನ ಕೈ ವ್ಯಾಪಾರಿಯದಾದರೂ ಅಂಕಿಯನ್ನು ಹೇಳಿದವರು ಮೇಜಿನ ಮುಂದೆ ನೆರೆದವರು. ಅವರಲ್ಲಿ ಒಬ್ಬನು ಆ ಬೆಲೆ ಕೊಟ್ಟ ಕಾರಣದಿಂದಲೇ ಮರುದಿನವೂ ಚೀಟಿ ಅಲ್ಲಿಯೇ ಉಳಿಯಿತು.

ಜನರು ಹಾಗೆ ಕೊಡುವಂತೆ ಮಾಡುವಲ್ಲಿ ವದಂತಿಗಳ ಪಾತ್ರ ಹಿರಿದು. 2013ರಲ್ಲಿ, ಕೇಂದ್ರ ಸರ್ಕಾರದ ಆಂತರಿಕ ಭದ್ರತಾ ಇಲಾಖೆಯೇ ಕೋಟ್ಯಂತರ ಗುಂಡುಗಳನ್ನು ಕೊಂಡು ಜನರ ಕೈಗೆ ಸಿಗದಂತೆ ಮಾಡುತ್ತಿದೆಯೆಂಬ ಮಾತು ಹಬ್ಬಿತು. ಅಲ್ಲಿಯ ಸಂಸತ್ತಿಗಾಗಿ ಲೆಕ್ಕಪತ್ರಗಳನ್ನು ಪರಿಶೀಲಿಸುವ ಕಚೇರಿ 2014ರ ಜನವರಿಯಲ್ಲಿ ವರದಿಯಿತ್ತು, ಆ ಇಲಾಖೆಯ ಖರೀದಿ ವಾಸ್ತವವಾಗಿ ಇಳಿದಿತ್ತೆಂದು ತೋರಿಸಿತು. ಮಿಸ್ಸೂರಿ ರಾಜ್ಯದ ಹರ್ಕ್ಯುಲೇನಿಯಮ್‌ನಲ್ಲಿದ್ದ ಸೀಸದ ಕುಲುಮೆ 2013ರ ಕೊನೆಯಲ್ಲಿ ಮುಚ್ಚಿದಾಗ, ಇನ್ನು ಗುಂಡಿಗೆ ಸೀಸವೇ ಇಲ್ಲವೆಂದು ಮತ್ತೊಂದು ಸುದ್ದಿ ಹರಡಿತು. ಗುಂಡಿನ ಕಾರ್ಖಾನೆಗಳು ಬಳಸುವ ಸೀಸದ ಬಹುಪಾಲು ಹಳೆಯ ಬ್ಯಾಟರಿ ಮುಂತಾದವುಗಳಿಂದ ಕರಗಿಸಿ ತೆಗೆದುದೆಂಬ ಸತ್ಯ ಆ ಸುದ್ದಿಯಷ್ಟು ವೇಗವಾಗಿ ಸಂಚರಿಸಲಿಲ್ಲ. ಕೇಳಿದವನು ವದಂತಿಯನ್ನು ನಂಬದಿದ್ದರೂ, ನೆರೆಯವನು ನಂಬಿ ಕೊಂಡುಬಿಟ್ಟಾನೆಂಬ ಎಣಿಕೆಯಿಂದ ತಾನೂ ಕೊಳ್ಳುತ್ತಾನೆ. ಅಭಾವದ ನಿರೀಕ್ಷೆಯಿಂದಲೇ ಅಭಾವ ಹುಟ್ಟುತ್ತದೆ. ಹುಟ್ಟಿದ ಅಭಾವ ನಿರೀಕ್ಷೆಯನ್ನು ಸಮರ್ಥಿಸುತ್ತದೆ.

ಇದರ ಭಾರವನ್ನು ಹೊತ್ತವರು ಯಾರು? ಸಾವಿರಾರು ಗುಂಡುಗಳನ್ನು ನೆಲಮಾಳಿಗೆಯಲ್ಲಿ ಕೂಡಿಟ್ಟ ಅನುಕೂಲಸ್ಥನಲ್ಲ. ಕೂಡಿಡಲು ಹಣವಿಲ್ಲದೆ ಬೇಕಾದಾಗಲಷ್ಟೇ ಒಂದು ಪೆಟ್ಟಿಗೆ ಕೊಳ್ಳುವವನು. ಬಾಲಕ ಬಾಲಿಕೆಯರ ಗುರಿಶಾಲೆಗಳು ಪಾಠವನ್ನು ಮೊಟಕುಗೊಳಿಸಬೇಕಾಯಿತು. ಕೆಲವು ಊರಿನ ಪೊಲೀಸರು ಅಭ್ಯಾಸಕ್ಕೆ ಬಳಸುವ ಗುಂಡುಗಳನ್ನು ಕಡಿತಗೊಳಿಸಿದರು. ಆತ್ಮರಕ್ಷಣೆಗೆಂದು ಜನರು ಮನೆಮನೆಯಲ್ಲಿ ಕೂಡಿಟ್ಟ ಗುಂಡು, ಅವರ ರಕ್ಷಣೆಗೆ ನಿಯುಕ್ತನಾದವನ ಕೈಯ ಪಳಗುವಿಕೆಯನ್ನು ಕುಂದಿಸಿತು. ಈ ವ್ಯಾಪಾರದಿಂದ ಒಂದೇ ಒಂದು ಹಿತ ಅಪ್ರಯತ್ನವಾಗಿ ಒದಗಿತೆನ್ನಬಹುದು. 1937ರ ಪಿಟ್‌ಮನ್ ರಾಬರ್ಟ್‌ಸನ್ ಶಾಸನದಂತೆ ಗುಂಡಿನ ತಯಾರಕರು ತೆರುವ ನೂರಕ್ಕೆ ಹನ್ನೊಂದರ ಸುಂಕ ವನ್ಯಜೀವಿಗಳ ಸಂರಕ್ಷಣೆಗೆ ಸಲ್ಲುವುದರಿಂದ, ಮನುಷ್ಯರು ಭೀತರಾದ ವರ್ಷಗಳಲ್ಲಿ ಅರಣ್ಯಕ್ಕೆ ಆದಾಯ ಹೆಚ್ಚಿತು. ಆದರೆ ಸಂತೆಯ ಮೇಜಿನಲ್ಲಿ ಕೈಬದಲಾದಾಗ ಏರಿದ ಬೆಲೆಯಿಂದ ಆ ನಿಧಿಗೆ ಕಾಸೂ ಸೇರದು.

ನನಗೆ ತೋರುವಂತೆ, ಈ ದುಬಾರಿಯನ್ನು ನೋಡಿ ವ್ಯಾಪಾರಿಯನ್ನು ಶಪಿಸಿ ಸುಮ್ಮನಾಗುವುದೂ ತಪ್ಪು, ಮಾರುಕಟ್ಟೆಯ ಧರ್ಮವೆಂದು ಕೈತೊಳೆದುಕೊಳ್ಳುವುದೂ ತಪ್ಪು. ಇಪ್ಪತ್ತು ಮಕ್ಕಳ ಮರಣಕ್ಕಾಗಿ ದೇಶ ಅಳಬೇಕಾಗಿದ್ದ ವಾರದಲ್ಲಿಯೇ ಜನರು ಗುಂಡಿಗಾಗಿ ಸಾಲುಗಟ್ಟಿದರೆಂಬುದು ಆ ಸಮಾಜದ ಆತ್ಮಪರೀಕ್ಷೆಗೆ ಅರ್ಹವಾದ ವಿಷಯ. ತನ್ನ ನೆರೆಯವನನ್ನೂ ತನ್ನ ಸರ್ಕಾರವನ್ನೂ ನಂಬಲಾರದವನಿಗೆ ಎಷ್ಟು ಕೊಂಡರೂ ಸಾಲದು. ಶಾಸನ ರಚಿಸುವವರು ತಾವು ಯಾವುದನ್ನು ನಿರ್ಬಂಧಿಸುವರು, ಯಾವುದನ್ನು ಮುಟ್ಟುವುದಿಲ್ಲ ಎಂಬುದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ, ಹೇಳಿದುದನ್ನು ಶೀಘ್ರವಾಗಿ ನಿರ್ಣಯಿಸಲಿ. ತೂಗಾಡುವ ಚರ್ಚೆಯಷ್ಟು ಬೇರಾವುದೂ ಬೆಲೆಯನ್ನು ಏರಿಸುವುದಿಲ್ಲ. ವ್ಯಾಪಾರಿಗಳು ಕೊರತೆಯ ಕಾಲದಲ್ಲಿ ಪಡಿಕಟ್ಟಿ ಮಾರುವಾಗ ಶಾಲೆಗಳಿಗೂ ಸಂಜೆಯ ಗಿರಾಕಿಗಳಿಗೂ ಒಂದು ಪಾಲನ್ನು ತೆಗೆದಿರಿಸಲಿ. ಕೊಳ್ಳುವವನು ಸಮೃದ್ಧಿಯ ಕಾಲದಲ್ಲಿ ತನ್ನ ಬಳಕೆಗೆ ತಕ್ಕಷ್ಟನ್ನು ಕ್ರಮವಾಗಿ ಕೊಂಡಿಟ್ಟುಕೊಂಡು, ಅಭಾವದ ಕಾಲದಲ್ಲಿ ಸಾಲಿನಿಂದ ಹೊರಗೆ ನಿಲ್ಲಲಿ. ಹೀಗೆ ಹೊರಗೆ ನಿಲ್ಲುವ ಸಂಯಮವುಳ್ಳವರು ಸಾಕಷ್ಟು ಮಂದಿಯಾದ ದಿನ, ಸಂತೆಯ ಮೇಜಿನ ಬೆಲೆಯನ್ನು ಇಳಿಸಲು ಹೊಸ ಕಾರ್ಖಾನೆಯೂ ಬೇಕಾಗದು, ಹೊಸ ಕಾನೂನೂ ಬೇಕಾಗದು.