ಜಮೈಕಾ ದ್ವೀಪದ ಕಾಲ್ಚೆಂಡಿನ ತರುಣಿಯರು

ವೆಸ್ಟ್ ಇಂಡೀಸ್ ದ್ವೀಪಗಳ ಹೆಸರನ್ನು ಕೇಳಿದೊಡನೆ ನಮ್ಮ ವಾಚಕರಲ್ಲಿ ಅನೇಕರಿಗೆ ಕ್ರಿಕೆಟ್ ಆಟವೇ ನೆನಪಿಗೆ ಬರುವುದು ಸಹಜವಾಗಿದೆ. ಆದರೆ ಆ ದ್ವೀಪಗಳಲ್ಲೊಂದಾದ ಜಮೈಕಾದ ಹೆಣ್ಣುಮಕ್ಕಳು ಕಾಲ್ಚೆಂಡಿನ ಆಟದಲ್ಲಿ ಪಡೆದ ಸೋಲುಗೆಲವುಗಳ ವೃತ್ತಾಂತವು, ಹೆಣ್ಣುಮಕ್ಕಳನ್ನು ಓದಿಸಿ ಬೆಳೆಸುವ ನಾವೆಲ್ಲರೂ ತಿಳಿದಿರತಕ್ಕದ್ದಾಗಿದೆ. ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಅದನ್ನು ಸಂಕ್ಷೇಪವಾಗಿ ನಿವೇದಿಸುವೆವು.

ಜಮೈಕಾವು ಕ್ಯೂಬಾ ದೇಶದ ದಕ್ಷಿಣಕ್ಕೆ ಕೆರಿಬಿಯನ್ ಸಮುದ್ರದಲ್ಲಿರುವ ಚಿಕ್ಕ ದ್ವೀಪ. ಅಲ್ಲಿನ ಜನಸಂಖ್ಯೆಯು ಮೂವತ್ತು ಲಕ್ಷಕ್ಕೂ ಕಡಿಮೆ. ರೆಗ್ಗೆ ಎಂಬ ಸಂಗೀತವು ಹುಟ್ಟಿದ್ದು ಅಲ್ಲಿಯೇ. ಆ ಸಂಗೀತದ ಹೆಸರನ್ನೇ ಇಟ್ಟು ಜನರು ತಮ್ಮ ವನಿತೆಯರ ತಂಡವನ್ನು 'ರೆಗ್ಗೆ ಗರ್ಲ್ಸ್' ಎಂದು ಪ್ರೀತಿಯಿಂದ ಕರೆಯುವರು.

ವನಿತೆಯರ ಪ್ರಪಂಚ ಪಂದ್ಯಾವಳಿಯು, ಅಂದರೆ ವಿಶ್ವಕಪ್ಪು, ನಾಲ್ಕು ವರ್ಷಗಳಿಗೊಮ್ಮೆ ನಡೆಯುವುದು. ಬಯಸಿದ ದೇಶಗಳೆಲ್ಲಾ ಅದರಲ್ಲಿ ಆಡುವಂತಿಲ್ಲ. ಉತ್ತರ ಅಮೇರಿಕಾ, ಮಧ್ಯ ಅಮೇರಿಕಾ ಮತ್ತು ಕೆರಿಬಿಯನ್ ದೇಶಗಳು ಮೊದಲು ತಮ್ಮೊಳಗೇ ಸೆಣಸಬೇಕು; ಗೆದ್ದ ಕೆಲವರಿಗೆ ಮಾತ್ರ ಪ್ರವೇಶ ದೊರೆಯುವುದು. ಅಮೇರಿಕಾ ಸಂಯುಕ್ತ ಸಂಸ್ಥಾನ, ಕೆನಡಾ, ಮೆಕ್ಸಿಕೋ ಇಂಥ ದೊಡ್ಡ ದೇಶಗಳೊಡನೆ ಪುಟ್ಟ ದ್ವೀಪಗಳು ಹೋರಾಡಬೇಕಾದ್ದರಿಂದ, ಬಹುಕಾಲದ ವರೆಗೆ ಕೆರಿಬಿಯನ್ ಪ್ರದೇಶದ ಒಂದು ತಂಡಕ್ಕಾದರೂ ಈ ಬಾಗಿಲು ತೆರೆಯಲಿಲ್ಲ.

ಜಮೈಕಾದ ವನಿತೆಯರು ಮೊದಲು ಅಂತರರಾಷ್ಟ್ರೀಯ ಪಂದ್ಯವನ್ನಾಡಿದ್ದು 1991ನೆಯ ಇಸವಿಯಲ್ಲಿ, ಹೈಟಿ ದೇಶದಲ್ಲಿ ನಡೆದ ಪ್ರಾದೇಶಿಕ ಪಂದ್ಯಾವಳಿಯಲ್ಲಿ. ಆಗ ಅವರು ಮೂರು ಪಂದ್ಯಗಳಲ್ಲಿಯೂ ಸೋತು ಹಿಂದಿರುಗಿದರು. 2006ರಲ್ಲಿ ಆ ಪ್ರಾದೇಶಿಕ ಪಂದ್ಯಾವಳಿಯಲ್ಲಿಯೇ ನಾಲ್ಕನೆಯ ಸ್ಥಾನಕ್ಕೇರಿದರು. ಇನ್ನೇನು ಬೆಳೆಯು ಕೈಗೆ ಬರುವುದೆಂದು ತೋರುವಷ್ಟರಲ್ಲಿ ನೀರು ನಿಂತುಹೋಯಿತು. ದೇಶದ ಕಾಲ್ಚೆಂಡಿನ ಮಂಡಲಿಯು ವನಿತೆಯರ ತಂಡಕ್ಕೆ ಹಣ ಕೊಡುವುದನ್ನು ನಿಲ್ಲಿಸಿತು. ವರ್ಷಗಟ್ಟಲೆ ಪಂದ್ಯಗಳಿಲ್ಲದ್ದರಿಂದ 2011ರ ಹೊತ್ತಿಗೆ ಪ್ರಪಂಚದ ತಂಡಗಳ ಕ್ರಮಪಟ್ಟಿಯಲ್ಲಿ ಜಮೈಕಾದ ಹೆಸರೇ ಇಲ್ಲದೆ ಹೋಯಿತು.

ಇಂತಿರಲು, ಪ್ರಸಿದ್ಧ ಗಾಯಕನಾಗಿದ್ದ ಬಾಬ್ ಮಾರ್ಲಿಯ ಮಗಳಾದ ಸೆಡೆಲ್ಲಾ ಮಾರ್ಲಿ ಎಂಬವರಿಗೆ ಅವರ ಮಗನು ಒಂದು ಕರಪತ್ರವನ್ನು ಮನೆಗೆ ತಂದುಕೊಟ್ಟನು. ವನಿತೆಯರ ತಂಡಕ್ಕೆ ಸಹಾಯ ಬೇಕೆಂದು ಅದರಲ್ಲಿ ಬರೆದಿತ್ತು. ಆಕೆ ಆ ಕಾರ್ಯವನ್ನು ಕೈಗೆತ್ತಿಕೊಂಡು, ಧನವನ್ನು ಕೂಡಿಸಿ, 2014ರಲ್ಲಿ ತಂಡವು ಪುನಃ ಮೈದಾನಕ್ಕಿಳಿಯುವಂತೆ ಮಾಡಿದರು. ಆ ಸಾರಿ ವಿಶ್ವಕಪ್ಪಿನ ಪ್ರವೇಶ ಸಿಕ್ಕಲಿಲ್ಲ. 2016ರ ಒಲಿಂಪಿಕ್ ಕ್ರೀಡೆಗಳಿಗೂ ಅರ್ಹತೆ ದೊರೆಯದಿರಲು, ತಂಡವನ್ನು ಇನ್ನೊಮ್ಮೆ ವಿಸರ್ಜಿಸಿದರು. ಆದರೂ ಸೆಡೆಲ್ಲಾ ಬಿಡಲಿಲ್ಲ. ತರಬೇತುದಾರರಾದ ಹ್ಯೂ ಮೆಂಜೀಸ್ ಮತ್ತು ಅವರ ಸಂಗಡಿಗರು ಸಂಬಳದ ನಿರೀಕ್ಷೆಯಿಲ್ಲದೆ ದುಡಿದರು. ದ್ವೀಪದಲ್ಲಿ ಬೆಳೆದ ಹುಡುಗಿಯರ ಜೊತೆಗೆ, ಇಂಗ್ಲೆಂಡ್ ಅಮೇರಿಕಾಗಳಲ್ಲಿ ನೆಲೆಸಿದ್ದ ಜಮೈಕಾ ಕುಟುಂಬಗಳ ಮಕ್ಕಳೂ ಬಂದು ಸೇರಿದರು.

1918ರಲ್ಲಲ್ಲ, ಮೊನ್ನೆಮೊನ್ನೆಯ 2018ರಲ್ಲಿ ಇದರ ಫಲವು ಕಾಣಿಸಿತು. ಅಮೇರಿಕಾದ ಟೆಕ್ಸಸ್ ಪ್ರಾಂತದಲ್ಲಿ ನಡೆದ ಅರ್ಹತಾ ಪಂದ್ಯಗಳಲ್ಲಿ ಜಮೈಕಾವು ಕೋಸ್ಟಾರಿಕಾ ತಂಡವನ್ನು 1-0 ಗೋಲುಗಳಿಂದಲೂ ಕ್ಯೂಬಾ ತಂಡವನ್ನು 9-0 ಗೋಲುಗಳಿಂದಲೂ ಗೆದ್ದಿತು. ಅಕ್ಟೋಬರ್ 17ರಂದು ಮೂರನೆಯ ಸ್ಥಾನಕ್ಕಾಗಿ ಪನಾಮಾದೊಡನೆ ನಡೆದ ಆಟವು 2-2 ಸಮವಾಗಲು, ಪೆನಾಲ್ಟಿ ಒದೆತಗಳಿಂದ ತೀರ್ಮಾನವಾಗಬೇಕಾಯಿತು. ಅದಕ್ಕೆಂದೇ ಆಗ ತಾನೇ ಮೈದಾನಕ್ಕಿಳಿದಿದ್ದ ಗೋಲ್‌ಕೀಪರ್ ನಿಕೋಲ್ ಮೆಕ್ಲೂರ್ ಎದುರಾಳಿಗಳ ಒದೆತಗಳನ್ನು ತಡೆದಳು. ಡಾಮಿನಿಕ್ ಬಾಂಡ್-ಫ್ಲಾಸಾ ಕೊನೆಯ ಚೆಂಡನ್ನು ಗೋಲಿಗೆ ಸೇರಿಸಿದಳು. 4-2ರ ಈ ಜಯದಿಂದ ಜಮೈಕಾವು ವನಿತೆಯರ ವಿಶ್ವಕಪ್ಪನ್ನು ಪ್ರವೇಶಿಸಿದ ಮೊದಲ ಕೆರಿಬಿಯನ್ ದೇಶವೆನಿಸಿತು.

2019ರಲ್ಲಿ ಫ್ರಾನ್ಸ್ ದೇಶದಲ್ಲಿ ನಡೆದ ಆ ಪಂದ್ಯಾವಳಿಯಲ್ಲಿ ಬ್ರೆಜಿಲ್ 3-0, ಇಟಲಿ 5-0, ಆಸ್ಟ್ರೇಲಿಯಾ 4-1 ಗೋಲುಗಳಿಂದ ಜಮೈಕಾವನ್ನು ಸೋಲಿಸಿದವು. ಹವಾನಾ ಸೊಲಾನ್ ಹೊಡೆದ ಒಂದು ಗೋಲೇ ಅವರ ಸಂಪಾದನೆ. ಅವರ ಮೇಲೆ ಬಿದ್ದ ಗೋಲುಗಳು ಒಟ್ಟು 12.

ಅವರು 2022ರಲ್ಲಿ ಮೆಕ್ಸಿಕೋ ತಂಡವನ್ನು ಅದರ ಸ್ವಂತ ನೆಲದಲ್ಲಿಯೇ 1-0ರಿಂದ ಗೆದ್ದು, ಹೈಟಿಯನ್ನು 4-0ರಿಂದ ಸೋಲಿಸಿ, ಎರಡನೆಯ ಸಾರಿಯೂ ಅರ್ಹತೆ ಪಡೆದರು. ಮೆಕ್ಸಿಕೋದ ವಿರುದ್ಧ ಗೋಲು ಹೊಡೆದವಳು ಖದೀಜಾ ಶಾ. ಸ್ಪ್ಯಾನಿಶ್ ಟೌನ್ ಎಂಬ ಊರಿನಲ್ಲಿ ಹುಟ್ಟಿದ ಈಕೆ ಜಮೈಕಾದ ಗಂಡಸರ ತಂಡದವರನ್ನೂ ಮೀರಿ ದೇಶಕ್ಕಾಗಿ ಅತ್ಯಧಿಕ ಗೋಲುಗಳನ್ನು ಹೊಡೆದವಳಾಗಿದ್ದಾಳೆ. ಇಂಗ್ಲೆಂಡಿನ ವನಿತೆಯರ ಲೀಗಿನಲ್ಲಿ 2023-24ರ ಸಾಲಿನಲ್ಲಿ 21 ಗೋಲುಗಳನ್ನು ಹೊಡೆದು ಎಲ್ಲರಿಗಿಂತ ಮುಂದೆ ನಿಂತವಳೂ ಈಕೆಯೇ.

ಇಷ್ಟಾದರೂ ಕಷ್ಟವು ತೀರಲಿಲ್ಲ. 2023ರ ಜೂನ್ ತಿಂಗಳಲ್ಲಿ, ವಿಶ್ವಕಪ್ಪಿಗೆ ಸ್ವಲ್ಪ ಕಾಲವೇ ಉಳಿದಿರುವಾಗ, ಪ್ರಯಾಣ, ಊಟ, ಅಭ್ಯಾಸ, ಸಂಬಳ ಇವುಗಳ ವ್ಯವಸ್ಥೆಯು ಸರಿಯಿಲ್ಲವೆಂದು ಆಟಗಾರ್ತಿಯರು ಬಹಿರಂಗ ಪತ್ರವನ್ನು ಪ್ರಕಟಿಸಬೇಕಾಯಿತು. ಆಟಗಾರ್ತಿಯೊಬ್ಬಳ ತಾಯಿಯೇ ಮುಂದಾಗಿ ಜನರಿಂದ ಚಂದಾ ಎತ್ತಿದರು.

ಇಂಥ ಸ್ಥಿತಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಆ ತಂಡವು ಲೋಕವನ್ನು ಬೆರಗುಗೊಳಿಸಿತು. ಆಗ ಕ್ರಮಪಟ್ಟಿಯಲ್ಲಿ ಜಮೈಕಾದ್ದು 43ನೆಯ ಸ್ಥಾನ. ಫ್ರಾನ್ಸಿನದು 5ನೆಯದು, ಬ್ರೆಜಿಲಿನದು 8ನೆಯದು. ಫ್ರಾನ್ಸಿನೊಡನೆ ಆಟವು 0-0 ಸಮವಾಯಿತು. ಆದರೆ ಅದರ ಕೊನೆಯಲ್ಲಿ ಖದೀಜಾಳನ್ನು ಹೊರಗೆ ಕಳುಹಿಸಿದ್ದರಿಂದ ಆಕೆ ಮುಂದಿನ ಪಂದ್ಯವನ್ನು ಆಡುವಂತಿರಲಿಲ್ಲ. ಆಕೆಯಿಲ್ಲದೆಯೇ ಪನಾಮಾವನ್ನು 1-0ರಿಂದ ಗೆದ್ದರು. ಟ್ರೂಡಿ ಕಾರ್ಟರ್ ಮೂಲೆಯಿಂದ ಒದ್ದ ಚೆಂಡಿಗೆ ಆಲಿಸನ್ ಸ್ವಾಬಿ ತಲೆಗೊಟ್ಟು ಹೊಡೆದ ಆ ಗೋಲಿನಿಂದಲೇ ಜಮೈಕಾಕ್ಕೆ ವಿಶ್ವಕಪ್ಪಿನ ಪ್ರಥಮ ಜಯವು ದೊರೆತದ್ದು. ಆಗಸ್ಟ್ 2ರಂದು ಮೆಲ್ಬರ್ನಿನಲ್ಲಿ ಬ್ರೆಜಿಲಿನೊಡನೆ ಮತ್ತೆ 0-0.

ಗೋಲಿಲ್ಲದ ಸಮ ಆಟಕ್ಕೆ ಏನು ಬೆಲೆ ಎಂದು ಕೆಲವರು ಕೇಳಬಹುದು. ಗುಂಪಿನ ಪಂದ್ಯಗಳಲ್ಲಿ ಗೆದ್ದವರಿಗೆ 3 ಅಂಕ, ಸಮವಾದರೆ ಇಬ್ಬರಿಗೂ ಒಂದೊಂದು ಅಂಕ; ನಾಲ್ಕು ತಂಡಗಳಲ್ಲಿ ಮೇಲಿನ ಎರಡು ಮಾತ್ರ ಮುಂದಕ್ಕೆ ಹೋಗುವುವು. ಫ್ರಾನ್ಸಿಗೆ 7, ಜಮೈಕಾಕ್ಕೆ 5, ಬ್ರೆಜಿಲಿಗೆ 4 ಅಂಕಗಳು ಬಂದವು. ಒಂದೇ ಅಂಕದ ಅಂತರದಿಂದ ಬ್ರೆಜಿಲು ಮನೆಗೆ ಹೋಯಿತು, ಜಮೈಕಾ ಉಳಿಯಿತು. ಮುಂದಿನ ಸುತ್ತಿನಲ್ಲಿ ಕೊಲಂಬಿಯಾವು ಅವರನ್ನು 1-0ರಿಂದ ಸೋಲಿಸಿತು.

ವಾಚಕರು ಎರಡು ವಿಶ್ವಕಪ್ಪುಗಳ ಲೆಕ್ಕವನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಲಿ. 2019ರಲ್ಲಿ ಹೊಡೆದ ಗೋಲು ಒಂದು, 2023ರಲ್ಲಿಯೂ ಒಂದೇ. ಆದರೆ ಅವರ ಮೇಲೆ ಬಿದ್ದ ಗೋಲುಗಳು ಮೊದಲ ಸಾರಿ ಮೂರು ಪಂದ್ಯಗಳಲ್ಲಿ 12. ಎರಡನೆಯ ಸಾರಿ ನಾಲ್ಕು ಪಂದ್ಯಗಳಲ್ಲಿ 1. ಹೊಡೆಯುವ ಒಬ್ಬಳ ಚಾತುರ್ಯವು ಹುಟ್ಟಿನಿಂದ ಬರಬಹುದು. ಹನ್ನೊಂದು ಮಂದಿ ಒಮ್ಮನಸ್ಸಿನಿಂದ ಬಾಗಿಲು ಕಾಯುವ ವಿದ್ಯೆಯು ಬಹುದಿನ ಕೂಡಿ ಆಡಿದ ಹೊರತು ಬಾರದು. ಕೂಡಿ ಆಡುವುದಕ್ಕೆ ಅನ್ನ, ಮೈದಾನ, ಪ್ರಯಾಣದ ಖರ್ಚು, ಗುರು ಇವೆಲ್ಲವೂ ಬೇಕು. ತಂಡವು ಎರಡು ಸಾರಿ ಚದರಿಹೋದದ್ದು ಹುಡುಗಿಯರಿಗೆ ಶಕ್ತಿ ಸಾಲದ್ದರಿಂದಲ್ಲ, ಈ ಆಧಾರಗಳು ತಪ್ಪಿದ್ದರಿಂದ.

ಇದೇ ಮಾತು ನೆರೆಯ ದ್ವೀಪಗಳಿಗೂ ಸಲ್ಲುವುದು. ಟ್ರಿನಿಡಾಡ್ ತಂಡವು 2014ರ ಕೊನೆಯಲ್ಲಿ ಎಕ್ವಡಾರಿಗೆ ತನ್ನ ಊರಿನಲ್ಲಿಯೇ 1-0ರಿಂದ ಸೋತು, ಬಾಗಿಲ ತನಕ ಹೋಗಿ ಹಿಂದಿರುಗಿತು. ಬಡತನದಿಂದಲೂ ಗಲಭೆಗಳಿಂದಲೂ ನೊಂದ ಹೈಟಿಯು 2023ರಲ್ಲಿ ಚಿಲಿಯನ್ನು 2-1ರಿಂದ ಗೆದ್ದು ಮೊದಲ ಬಾರಿಗೆ ವಿಶ್ವಕಪ್ಪಿಗೆ ಹೋಯಿತು.

ಜಮೈಕಾದ ತೊಡಕು ಆ ಜಯದಿಂದಲೂ ಬಿಡಿಸಿಹೋಗಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಮುಖ ಆಟಗಾರ್ತಿಯರು ಮಂಡಲಿಯ ನಡತೆಯನ್ನು ಪ್ರತಿಭಟಿಸಿ ಪಂದ್ಯಗಳಿಂದ ದೂರ ನಿಂತರು. ಗೆದ್ದು ಬಂದ ದಿನ ಹೂಮಾಲೆ ಹಾಕುವವರು ಬಹು ಮಂದಿ. ಗೆಲ್ಲುವುದಕ್ಕೆ ಮುಂಚಿನ ಹತ್ತು ವರ್ಷ ಊಟಕ್ಕಿಕ್ಕುವವರು ಕೆಲವರೇ. ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಆ ಕೆಲವರ ಪಂಕ್ತಿಯಲ್ಲಿ ನಿಲ್ಲಲಿ. ಓದಿನಲ್ಲಾಗಲಿ ಆಟದಲ್ಲಾಗಲಿ ಹುಡುಗಿಯೊಬ್ಬಳು ಇನ್ನೂ ಸೋಲುತ್ತಿರುವ ದಿನಗಳಲ್ಲಿಯೇ ಆಕೆಗೆ ಆಧಾರವು ಬೇಕಾಗಿರುವುದೆಂಬದನ್ನು ಮರೆಯದಿರೋಣ.