ಆಸಾಡಿ ಮಳೆಗೆ ಟ್ರೆಡ್‌ಮಿಲ್ ನಡಿಗೆ

ಆಸಾಡಿ (ಆಷಾಢ) ಮಳೆ ಹಿಡಿದರೆ ಕುಂದಾಪುರದ ಕೋಡಿ, ಬೈಂದೂರಿನ ಸೋಮೇಶ್ವರ ಕಡಲತೀರಗಳಲ್ಲಿ ವಾಕಿಂಗ್ ನಿಂತಂತೆಯೇ. ಬ್ರಹ್ಮಾವರದ ಹೆದ್ದಾರಿಯಂಚಿನಲ್ಲಿ ಕೊಡೆ ಹಿಡಿದು ನಡೆಯುವುದಂತೂ ಸಾಹಸ. ಆಗ ನೆನಪಾಗುವುದು ಟ್ರೆಡ್‌ಮಿಲ್.

1818ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ಇದರ ಮೂಲರೂಪವನ್ನು ಜೈಲಿನ ಕೈದಿಗಳಿಗೆಂದು ರೂಪಿಸಿದ್ದ. ಈಗ ಜನ ದುಡ್ಡು ಕೊಟ್ಟು ಹತ್ತುತ್ತಾರೆ!

ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಐದು ದಿನ, ಅರ್ಧರ್ಧ ಗಂಟೆ. ಮೊದಲ ಐದು ನಿಮಿಷ ಗಂಟೆಗೆ 3–4 ಕಿ.ಮೀ. ವೇಗ ಸಾಕು, ಆಮೇಲೆ 20 ನಿಮಿಷ 5ರ ಆಸುಪಾಸು, ಕೊನೆಯ ಐದು ನಿಮಿಷ ಮತ್ತೆ ನಿಧಾನ. ಗಕ್ಕನೆ ಇಳಿದರೆ ತಲೆ ತಿರುಗೀತು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ವೇಗ. 220ರಲ್ಲಿ ವಯಸ್ಸನ್ನು ಕಳೆದು ಗರಿಷ್ಠ ನಾಡಿಬಡಿತ ಅಂದಾಜಿಸುವ ಲೆಕ್ಕವೂ ಇದೆ. ಆದರೆ ನಾಡಿಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಅದು ಹೊಂದದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಕಸರತ್ತಿನ ಬಳಿಕ ಹೃದಯಾಘಾತವಾಗಿ ತೀರಿಕೊಂಡ ಮೇಲೆ ಜಿಮ್ ಎಂದರೇ ಹಲವರು ಬೆಚ್ಚಿದರು. ಹೆದರಿ ಕೂರುವುದಕ್ಕಿಂತ ತಪಾಸಣೆ ಮಾಡಿಸಿಕೊಂಡು ನಡೆಯುವುದು ಜಾಣತನ. ಬಿಪಿ, ಸಕ್ಕರೆ ಕಾಯಿಲೆ ಇದ್ದವರಂತೂ ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಕರಾವಳಿಯ ಸೆಕೆಗೆ ಬೆವರು ಧಾರಾಳ, ನೀರಿನ ಬಾಟಲಿ ಪಕ್ಕದಲ್ಲಿರಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಬೆಲ್ಟ್ ಹಠಾತ್ತನೆ ನಿಂತೀತು. ಹಿಡಿಕೆ ಕೈಗೆಟಕುವಂತಿರಲಿ, ಆದರೆ ಅದಕ್ಕೇ ಜೋತುಬೀಳುವುದು ಬೇಡ. ಸುರಕ್ಷತಾ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಳ್ಳಿ. ಎದೆ ಹಿಂಡಿದಂತಾದರೆ ಯಂತ್ರ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.