ಕಿರಣದ ಮಾತ್ರೆ

ಔಷಧದ ಗುಳಿಗೆಯನ್ನು ನಾವು ಮಾತ್ರೆಯೆಂದು ಕರೆಯುತ್ತೇವಷ್ಟೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಅಳತೆಯೆಂಬ ಅರ್ಥವುಂಟು. ಅಳತೆ ತಪ್ಪಿದ ಔಷಧವೇ ವಿಷವಾಗುವುದೆಂದು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಗುಳಿಗೆಯನ್ನಾದರೋ ತಕ್ಕಡಿಯಲ್ಲಿ ತೂಗಬಹುದು. ಕಣ್ಣಿಗೆ ಕಾಣದ ಕಿರಣವನ್ನೇ ಔಷಧವಾಗಿ ಕೊಡುವಾಗ ಅದನ್ನು ಅಳೆಯುವ ಬಗೆ ಹೇಗೆ?

ಕ್ಯಾನ್ಸರ್ ಎಂಬ ಅರ್ಬುದರೋಗದ ಚಿಕಿತ್ಸೆಯಲ್ಲಿ ಇದು ಪ್ರಾಣದ ಪ್ರಶ್ನೆ. ಕಿರಣವು ಕಡಮೆಯಾದರೆ ಗಂತಿಯು ಉಳಿಯುವುದು; ಹೆಚ್ಚಾದರೆ, ಅಥವಾ ಗುರಿಯು ಸ್ವಲ್ಪ ತಪ್ಪಿದರೆ, ಬೆನ್ನುಹುರಿಯಂತಹ ಕೋಮಲಾಂಗಗಳು ಕೆಡುವುವು. ೧೯೮೮ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಕೋಬಾಲ್ಟ್ ಯಂತ್ರದ ಅಳತೆಯಲ್ಲಿ ದೋಷವೊಂದು ನುಸುಳಿ, ಸುಮಾರು ಇನ್ನೂರು ಮಂದಿ ರೋಗಿಗಳಿಗೆ ವಿಧಿಸಿದುದಕ್ಕಿಂತ ನೂರಕ್ಕೆ ೨೫ರಷ್ಟು ಹೆಚ್ಚು ಕಿರಣವು ಬಿದ್ದಿತು.

ಕಿರಣದ ಮಾನಕ್ಕೆ ಗ್ರೇ ಎಂದು ಹೆಸರು. ಒಂದು ಕಿಲೋಗ್ರಾಂ ಪದಾರ್ಥವು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ೧ ಗ್ರೇ. ದಿನಕ್ಕೆ ೨ ಗ್ರೇಯಂತೆ ಹಲವು ವಾರ ಕೊಡುವುದು ರೂಢಿಯಲ್ಲಿರುವ ಕ್ರಮಗಳಲ್ಲೊಂದು. ಸಾಧಾರಣವಾದ ಮಾಪಕವು ಒಂದು ಬಿಂದುವಿನಲ್ಲಿ ಅಳೆಯುವುದು. ಫಿಲ್ಮು ಒಂದು ಸಮತಲದಲ್ಲಿ. ದೇಹಕ್ಕಾದರೋ ಉದ್ದ, ಅಗಲಗಳಲ್ಲದೆ ಆಳವೂ ಉಂಟು. ಈ ಮೂರನ್ನೂ ಒಟ್ಟಿಗೆ ಅಳೆಯುವುದೇ ಜೆಲ್ ಮಾಪಕದ ವಿಶೇಷ.

೧೯೮೪ರಲ್ಲಿ ಜಾನ್ ಗೋರ್ ಮತ್ತು ಅವರ ಸಂಗಡಿಗರು ಕಬ್ಬಿಣದ ಲವಣದ ದ್ರಾವಣದಲ್ಲಿ ಕಿರಣದಿಂದಾಗುವ ವ್ಯತ್ಯಾಸವನ್ನು ಎಂ.ಆರ್.ಐ. ಯಂತ್ರದಿಂದ ಕಾಣಬಹುದೆಂದು ತೋರಿಸಿದರು. ಆದರೆ ಆ ಲವಣವನ್ನು ಜೆಲ್ಲಿನಲ್ಲಿ ಬೆರಸಿದಾಗ, ನೀರಿಗೆ ಬಿದ್ದ ಮಸಿಯ ಹನಿಯಂತೆ ಕಬ್ಬಿಣದ ಅಂಶವು ಹರಡಿ, ಕೆಲವೇ ಗಂಟೆಗಳಲ್ಲಿ ಚಿತ್ರವು ಮಸಕಾಗುತ್ತಿದ್ದಿತು. ಮುಂದೆ ೧೯೯೦ರ ದಶಕದಲ್ಲಿ ಪಾಲಿಮರ್ ಜೆಲ್ ಬಂದಿತು. ಕಿರಣವು ತಾಗಿದೆಡೆಯಲ್ಲಿ ಇದರ ಸೂಕ್ಷ್ಮ ಅಣುಗಳು ಸರಪಣಿಯಂತೆ ಹೆಣೆದುಕೊಂಡು, ಹಾಲು ಹೆಪ್ಪುಗಟ್ಟಿದಂತೆ ನಿಂತುಬಿಡುವುವು. ಕಿರಣ ಹೆಚ್ಚಿದಷ್ಟೂ ಹೆಪ್ಪು ದಟ್ಟವಾಗುವುದು. ಗಾಳಿಯ ಆಮ್ಲಜನಕವು ಈ ಕ್ರಿಯೆಯನ್ನು ತಡೆಯುವುದರಿಂದ ಮೊದಮೊದಲು ಜೆಲ್ಲನ್ನು ಗಾಳಿಯ ಸೋಂಕಿಲ್ಲದೆ ಸಿದ್ಧಪಡಿಸಬೇಕಾಗಿದ್ದಿತು. ೨೦೦೧ರಲ್ಲಿ ಪ್ರಕಟವಾದ ವಿಧಾನವೊಂದರಲ್ಲಿ ಆಮ್ಲಜನಕವನ್ನು ಕಟ್ಟಿಹಾಕುವುದಕ್ಕೆ ಸೇರಿಸಿದ ವಸ್ತು ಯಾವುದೆಂದರೆ, ನಮ್ಮ ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ತ್ವವೇ!

ಪರೀಕ್ಷೆಯ ಕ್ರಮವು ಸರಳ. ಜೆಲ್ ತುಂಬಿದ ಪಾತ್ರೆಯನ್ನು ರೋಗಿಯು ಮಲಗಬೇಕಾದೆಡೆಯಲ್ಲಿಟ್ಟು, ಚಿಕಿತ್ಸೆಯನ್ನು ಯಥಾವತ್ತಾಗಿ ನಡೆಸುವರು. ಅನಂತರ ಅದರ ಚಿತ್ರವನ್ನು ತೆಗೆದು, ಲೆಕ್ಕದೊಡನೆ ಹೋಲಿಸುವರು. ಎರಡೂ ಹೊಂದದಿದ್ದರೆ ಕಾರಣವನ್ನು ಹುಡುಕುವರು. ಅಷ್ಟರಲ್ಲಿ ಯಾರಿಗೂ ಕೆಡುಕಾಗಿರುವುದಿಲ್ಲ. ಶ್ರಮವು ಹೆಚ್ಚಾದುದರಿಂದ ಇದನ್ನು ಪ್ರತಿಯೊಬ್ಬ ರೋಗಿಗೂ ಮಾಡುವ ವಾಡಿಕೆಯಿಲ್ಲ. ಹೊಸ ಯಂತ್ರ, ಹೊಸ ವಿಧಾನಗಳ ಪರೀಕ್ಷೆಗೆ ಇದು ವಿಶೇಷವಾಗಿ ಒದಗುವುದು. ಉಳಿದ ಸಂದರ್ಭಗಳಲ್ಲಿ ಬೇರೆ ಮಾಪಕಗಳಿವೆ.

ಮನೆಯಲ್ಲಿ ಯಾರಿಗಾದರೂ ಕಿರಣಚಿಕಿತ್ಸೆಯು ಒದಗಿಬಂದಲ್ಲಿ, ಮಾತ್ರೆಯನ್ನು ಹೇಗೆ ಪರೀಕ್ಷಿಸಿರುವಿರೆಂದು ವೈದ್ಯರನ್ನು ವಿನಯದಿಂದ ಕೇಳಲು ವಾಚಕರು ಸಂಕೋಚಪಡಬೇಕಾಗಿಲ್ಲ. ಅದು ಅವಿಶ್ವಾಸದ ಮಾತಲ್ಲ. ಅಳತೆಯು ವೈದ್ಯದ ಅರ್ಧಭಾಗ.